ಹೆಲಿಪ್ಯಾಡಿನ ಕೆಳಗೆ ಅವ್ವ

ನೆಲೋಗಿ
೬ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮ ಗುರುಶಾಂತನಿಗೆ, ಅಕ್ಕ ಸುಭದ್ರಾಬಾಯಿಯ ಆಶೀರ್ವಾದ.

ಹೇಗಿದ್ದೀಯಪ್ಪಾ? ಭುವನೇಶ್ವರಿಯ ಸೊಂಟದ ನೋವು ಇಳಿಯಿತೇ? ಪಲ್ಲವಿಗೆ ಸೊಲ್ಲಾಪುರದ ನೀರು ಒಗ್ಗಿತೇ? ನನ್ನ ಸೊಟ್ಟ ಅಕ್ಷರ ಕಂಡು ಅವಳು ನಗುತ್ತಾಳೆ, ನಗಲಿ. ನಾನು ಗಟ್ಟಿಯಿದ್ದೇನೆ. ಅಣ್ಣ ಮಾತ್ರ ಬಹಳ ಸೊರಗಿದ್ದಾನೆ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಒಗೆಯಬೇಡ, ಪೂರ್ತಿ ಓದು.

ನೀನು ವಾಚ್‌ಮನ್ ಆಗಿದ್ದ ಟಿವಿ ಸ್ಟುಡಿಯೊ ಮಾರಾಟವಾಯಿತು. ಅದು ಮುಚ್ಚಿದ ಮೇಲೆ ಗೇಟಿಗೆ ಬೀಗ ಬಿದ್ದರೂ ಊರವರು ಗೋಡೆಯ ಸಂದಿನಿಂದ ಒಳಹೊಕ್ಕು ಹೆಲಿಪ್ಯಾಡಿನ ಮೇಲೆ ತೊಗರಿ ಒಣಗಿಸುತ್ತಿದ್ದರು. ಮುಂದಿನ ವಾರ ಹೊಸ ಮಾಲೀಕರು ಗೋದಾಮಿಗೆಂದು ಕಾಂಕ್ರೀಟು ಕಿತ್ತು ಆಳವಾಗಿ ಅಗೆಸುತ್ತಾರಂತೆ. ಅಪ್ಪ ಸ್ಟುಡಿಯೊದವರಿಗೆ ನಮ್ಮ ಆ ಹೊಲ ಕೊಟ್ಟಾಗ ಅವ್ವನನ್ನು ಮಣ್ಣು ಮಾಡಿದ ಗದ್ದುಗೆ ಮುಟ್ಟಬಾರದು ಎಂದು ಮಾತು ತೆಗೆದುಕೊಂಡಿದ್ದ. ಎಲೆಕ್ಷನ್ ಬಂತು, ದೊಡ್ಡವರು ಸಂದರ್ಶನಕ್ಕೆ ಆಕಾಶದಿಂದಲೇ ಇಳಿಯಬೇಕಾಯಿತು, ಗದ್ದುಗೆಯ ಮೇಲೆಯೇ ಹೆಲಿಪ್ಯಾಡು ಬಂತು, ಮಾತು ಮಣ್ಣುಪಾಲಾಯಿತು. ಮೊದಲ ಸಲ ಇಳಿದಾಗ ನೆನಪಿದೆಯೇ? ಬಣವೆಯ ಕಣಕಿಯೆಲ್ಲ ಹಾರಿ, ಊರ ಹೆಂಗಸರು ಸೆರಗು ಹಿಡಿದುಕೊಂಡು ನಗುತ್ತಿದ್ದರು. ನೀನೊಬ್ಬ ಮುಖ ಆಚೆ ತಿರುಗಿಸಿ ನಿಂತಿದ್ದೆ.

ಅವತ್ತು ಸಂಜೆ ಅಣ್ಣ ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: “ಪಗಾರದ ಆಸೆಕ್ಕ ಅವ್ವನ ನೆತ್ತಿ ಮ್ಯಾಲ ಹೆಲಿಕಾಪ್ಟರ್ ಇಳಿಸಿದೆಲ್ಲೋ ಲೇ!” ನೀನು ಅಂದೆ, “ನಾ ಕಲ್ಲು ತೆಗೀಲಿಲ್ಲಂದ್ರ ಅವರು ಒಡದು ಒಗೀತಿದ್ರಣ್ಣಾ.” ನಿನ್ನ ಮಾತನ್ನು ನಾನು ನಂಬಿದೆ, ಈಗಲೂ ನಂಬುತ್ತೇನೆ. ನೀನು ಹೊತ್ತು ತಂದ ಗದ್ದುಗೆಯ ಕಲ್ಲು ನಮ್ಮ ಬಾವಿಯ ದಂಡೆಯಲ್ಲಿದೆ. ದಿನಾ ವಿಭೂತಿ ಹಚ್ಚುತ್ತೇನೆ. ಆದರೆ ಅದರ ಕೆಳಗೆ ಅವ್ವ ಇಲ್ಲವಲ್ಲೋ ತಮ್ಮಾ.

ಬದು, ಬೇವಿನ ಗಿಡ ಎಲ್ಲ ಸಮ ಮಾಡಿಬಿಟ್ಟರು. ಅಷ್ಟಗಲದ ಕಾಂಕ್ರೀಟಿನಲ್ಲಿ ಅವ್ವ ಯಾವ ಕಡೆ ಇದ್ದಾಳೆಂದು ಬಲ್ಲವನು, ಕಲ್ಲು ಎತ್ತಿದ ನೀನೊಬ್ಬನೇ. ಅಣ್ಣ ದಿನಾ ಅಲ್ಲಿಗೆ ಹೋಗಿ ಬಡಿಗೆಯಿಂದ ನೆಲ ಕುಟ್ಟಿ, ಬಗ್ಗಿ ಕಿವಿ ಇಟ್ಟು ಕೇಳುತ್ತಾನೆ. ಬಿಸಿಲಿಗೆ ಬಿದ್ದುಗಿದ್ದೀಯೆಂದು ಕೈಹಿಡಿದು ಎಳೆದರೆ ಕೊಸರಿಕೊಳ್ಳುತ್ತಾನೆ. ಅಗೆಯುವ ಮಶೀನು ನಡೆಸುವ ಬುರಾನುದ್ದೀನ ಒಳ್ಳೆಯವನು. “ಅಕ್ಕಾರ, ಜಾಗಾ ತೋರಸ್ರಿ, ಅಲ್ಲಿ ಮಶೀನ್ ಹಚ್ಚಂಗಿಲ್ಲ, ಕೈಲೇ ಅಗದು ಕೊಡ್ತೇನಿ. ತೋರಸಲಿಲ್ಲಂದ್ರ ನಾ ಎಲ್ಲಿ ಅಂತ ಬಿಡ್ಲಿರಿ?” ಎಂದ. ಏನು ಹೇಳಲಿ? ಅವ್ವ ಅಂಗೈಯಲ್ಲಿ ಲಿಂಗ ಹಿಡಿದು ಕೂತಿರುವವಳು. ಮಶೀನಿನ ಹಲ್ಲು ಮೊದಲು ತಾಗುವುದು ಅವಳ ತಲೆಗೇ. ಕನಸಲ್ಲೂ ಅದೇ, ಊಟಕ್ಕೆ ಕೂತರೂ ಅದೇ.

ಮಕ್ಕಳಿಗೆ ಬಸವಣ್ಣ ಒಳ್ಳೆಯದು ಮಾಡಲಿ. ಭುವನೇಶ್ವರಿಗೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದ್ದೇನೆ.

ನಿನ್ನ ಅಕ್ಕ,
ಸುಭದ್ರಾಬಾಯಿ

ತಾ.ಕ.: ಈಗಷ್ಟೇ ಬುರಾನುದ್ದೀನ ಹೇಳಿ ಹೋದ: ಮುಂದಿನ ವಾರವಲ್ಲ, ನಾಡಿದ್ದು ಶನಿವಾರವೇ ಅಗೆತ ಶುರುವಂತೆ. ಟಪಾಲು ನೆಚ್ಚಿ ಕೂರಲಾರೆ, ಸೊಲ್ಲಾಪುರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಅಣ್ಣ ಬಾಗಿಲಲ್ಲಿ ನಿಂತು, “ಬಾ ಅಂತ ಬರಿ ಬೇ, ನಾ ಅಂದೇನಂತ ಬರಿ” ಎಂದು ಅಳುತ್ತಿದ್ದಾನೆ. ಬಾ. ಬರಲು ಮನಸ್ಸಾಗದಿದ್ದರೆ ಅವ್ವ ಇರುವುದು ಗೇಟಿನ ಕಡೆಯೋ, ಹಳ್ಳದ ಕಡೆಯೋ, ಅಷ್ಟನ್ನಾದರೂ ಬರೆದು ಅದೇ ಕಂಡಕ್ಟರ್ ಕೈಯಲ್ಲಿ ಇವತ್ತೇ ಕಳಿಸು. ಬೇಗ ಬರಿಯೋ ತಮ್ಮಾ.