ಹೊಸನಗರದ ನೊಣಗಳು

ಹೊಸನಗರ
ಆಗಸ್ಟ್ ೧೯, ಮಂಗಳವಾರ

ವಿನಯಾ ಮೇಡಂ ಅವರಿಗೆ ನಮಸ್ಕಾರ.

ಅಮ್ಮ ಹೋಗಿ ಇಂದಿಗೆ ಆರು ದಿನ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿಕೊಂಡು ಲ್ಯಾಬಿಗೆ ಬರುತ್ತೇನೆ. ಅಲ್ಲಿಯವರೆಗೆ ರಜೆ ಕೊಡಬೇಕು.

ಸಾಗರ, ತೀರ್ಥಹಳ್ಳಿಗಳಲ್ಲಿ ಹತ್ತು ಹಣ್ಣುನೊಣ ಸಿಕ್ಕರೆ, ನಮ್ಮ ಅಡುಗೆಮನೆಯೊಂದರಲ್ಲೇ ಮುನ್ನೂರು ಹೇಗೆ ಸಿಕ್ಕವು ಎಂದು ನೀವು ಕೇಳಿದ್ದಿರಿ. ಫೋನಿನಲ್ಲಿ ಹೇಳಲಾಗಲಿಲ್ಲ.

ಮೇ ತಿಂಗಳಲ್ಲಿ ನೊಣ ಹಿಡಿಯಲು ಊರಿಗೆ ಬಂದಾಗ ಅಮ್ಮ ನನ್ನ ಕೆಲಸ ಏನೆಂದು ವಿಚಾರಿಸಿದರು. ನೊಣದ ಮೊಟ್ಟೆಯೊಳಗೆ ಮರಿಗೆ ಆಹಾರವಾಗುವ ಹಳದಿ ಭಾಗವನ್ನು ತುಂಬಿಸುವ ಜೀನ್‌ಗಳ ನಕ್ಷೆ ಮಾಡುತ್ತಿದ್ದೇನೆ, ಆ ಹಳದಿಯನ್ನು ತಾಯಿನೊಣ ತಾನು ತಿಂದದ್ದರಿಂದಲೇ ಮಾಡುತ್ತದೆ ಎಂದೆ.

"ಹಂಗಾರೆ ಅದು ಹೊಟ್ಟೆ ತುಂಬ ತಿನ್ಬೇಕು ಕಣೇ" ಎಂದರು.

ಮರುದಿನದಿಂದ ತಮ್ಮ ಪಾಲಿನ ಬಾಳೆಹಣ್ಣನ್ನೆಲ್ಲ ಸುಲಿದು ನಾನು ನೊಣ ಹಿಡಿಯಲು ಅಡುಗೆಮನೆಯಲ್ಲಿಟ್ಟ ಬಾಟಲಿಗಳ ಪಕ್ಕ ಇಡತೊಡಗಿದರು. ನೀನು ತಿನ್ನಲ್ವಾ ಎಂದರೆ, "ನಂದು ಆಗ್ಲೇ ಆಯ್ತು" ಎನ್ನುತ್ತಿದ್ದರು. ನೊಣ ಹೆಚ್ಚಿದಷ್ಟೂ ನಾನು ಖುಷಿಪಟ್ಟೆ.

ಗಂಟಲಿನ ಗಡ್ಡೆಯಿಂದಾಗಿ ಮೇ ತಿಂಗಳಲ್ಲೇ ಅವರಿಗೆ ನೀರು, ಗಂಜಿ ಬಿಟ್ಟು ಏನೂ ಇಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದು ಜುಲೈನಲ್ಲಿ.

ಎರಡು ಜೀನ್‌ಗಳ ನಕ್ಷೆ ಮುಗಿದಿದೆ. ಮೂರನೆಯದನ್ನು ದಯವಿಟ್ಟು ಬೇರೆಯವರಿಗೆ ಕೊಡಬೇಡಿ, ನಾನೇ ಬಂದು ಮಾಡುತ್ತೇನೆ.

ಇನ್ನೊಂದು ಕೋರಿಕೆ. 'ಹೊಸನಗರ' ಎಂದು ಚೀಟಿ ಅಂಟಿಸಿದ ಲ್ಯಾಬಿನ ಬಾಟಲಿಗಳಿಗೆ ಈ ಪತ್ರ ತಲುಪಿದ ದಿನವೇ ಹೊಸ ಆಹಾರ ಹಾಕಿಸಿ. ಆ ನೊಣಗಳು ಉಪವಾಸ ಇರುವುದನ್ನು ಅಮ್ಮ ಒಪ್ಪುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ,
ಸುಪ್ರಿಯಾ