ಬಾಗಿಲಲ್ಲಿ ಕೇಳಿದ ಹೆಸರು

ಡಿಸೆಂಬರ್ 4, ಬುಧವಾರ. ಬೆಳಿಗ್ಗೆ

ತಮ್ಮ ಗಾಳೆಪ್ಪನಿಗೆ ಅಕ್ಕ ರಾಮವ್ವನ ಆಶೀರ್ವಾದಗಳು. ನೀನು ಆರಾಮವೇ? ನೀಲಾ ಆರಾಮವೇ? ಹೊನ್ನೇಶ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಯೇ?

ಕೈಗೆ ರೂಢಿ. ಎಷ್ಟೋ ವರ್ಷ ಹೀಗೇ ಶುರು ಮಾಡಿದವಳು. ನಿನಗೆ ಆರಾಮವಿಲ್ಲ ಎಂದು ಗೊತ್ತು. ಈ ಗದಗಿನ ದವಾಖಾನೆಯ ಐಸಿಯುದಲ್ಲಿ, ಗಾಜಿನ ಬಾಗಿಲಾಚೆ, ಮೂಗಿಗೊಂದು ನಳಿಗೆ, ಬಾಯಿಗೊಂದು ನಳಿಗೆ. ನಿನ್ನ ಹೆಂಡತಿ ನನ್ನ ಪಕ್ಕದಲ್ಲೇ ಕುಳಿತಿದ್ದಾಳೆ. ಮಗ ಔಷಧ ತರಲು ಕೆಳಗೆ ಹೋಗಿದ್ದಾನೆ. ಆದರೂ ಬರೆಯುತ್ತೇನೆ. ಲಗ್ನವಾಗಿ ಅಸುಂಡಿಗೆ ಬಂದಮೇಲೆ, ಹಿರೇವಡ್ಡಟ್ಟಿಯಿಂದ ನೀನು ಹಾಕುತ್ತಿದ್ದ ಕಾರ್ಡು ಓದಲಿಕ್ಕೆಂದೇ ಅಕ್ಷರ ಕಲಿತವಳು ನಾನು. ಬೇರೆ ಯಾರಿಗೆ ಬರೆಯಲಿ?

ಡಾಕ್ಟರಬಾಯಿ ಹೇಳಿದ್ದು: ಲಕ್ವಾ ದೊಡ್ಡದು. ಮಿದುಳಿನ ಎಡಭಾಗ ಬಹಳ ಕೆಟ್ಟಿದೆ. ಬಲಗೈ, ಬಲಗಾಲು, ಮಾತು—ತಿರುಗಿ ಬರುವುದು ಕಷ್ಟ. ಎಚ್ಚರವಾದರೂ ಬರುತ್ತದೆಯೇ ಎಂದು ಕೇಳಿದೆ.

"ಹೆಸರು ಹಿಡದು ಕೂಗ್ರಿ. ದಿನಾ ಕೇಳಿದ ದನಿ ಇರಬೇಕು. ಕಣ್ಣು ತೆರೀತಾರೇನು ನೋಡೂಣು."

ದಿನಾ ಕೇಳಿದ ದನಿ ಎಂದರೆ ನೀಲಾ.

ಡಿಸೆಂಬರ್ 7. ಸಂಜೆ

ಇಲ್ಲ. ನೀಲಾ ಎರಡು ಹೊತ್ತೂ ಒಳಗೆ ಹೋಗಿ ಬರುತ್ತಾಳೆ. ಕೂಗಿದಿಯೇನು ಎಂದರೆ ಹೂಂ ಎಂದು ತಲೆಯಾಡಿಸುತ್ತಾಳೆ. ನೀನು ಕಣ್ಣು ತೆರೆಯುವುದಿಲ್ಲ.

ನನ್ನ ಕಾಲು ಬಾತಿವೆ. ಕೂತಲ್ಲೇ ನಿದ್ದೆ. ಪಕ್ಕದ ಬೆಂಚಿನಲ್ಲಿ ಲಕ್ಷ್ಮೇಶ್ವರದ ಶಮಶಾದಬಿ, ಅವಳ ಗಂಡನೂ ಒಳಗೇ ಇದ್ದಾನೆ. ನಮ್ಮ ರೊಟ್ಟಿ ಅವಳಿಗೆ, ಅವಳ ಚಹಾ ನಮಗೆ.

ಹೊನ್ನೇಶ ನೆಲ ನೋಡುತ್ತ ಹೇಳಿದ: "ಅತ್ತಿ, ಗಂಟಲಿಗೆ ತೂತು ಮಾಡಿ ನಳಿಗಿ ಹಾಕಬೇಕಂತ. ಹೂಂ ಅಂತೀರೋ ಇಲ್ಲೋ ಸೋಮವಾರ ಹೇಳ್ರಿ ಅಂದಾರ. ಕಣ್ಣ ತೆರೀಲಾರದವ್ರಿಗೆ ಯಾಕ ತ್ರಾಸು ಕೊಡೂದು? ಮನಿಗೆ ಒಯ್ಯೂಣು."

ಮನೆಗೆ ಎಂದರೆ ಏನೆಂದು ಇಬ್ಬರಿಗೂ ಗೊತ್ತು.

ಡಿಸೆಂಬರ್ 8. ಮಧ್ಯಾಹ್ನ

ನರ್ಸಬಾಯಿ ಹೊರಗೆ ಬಂದು ಸಿಡುಕಿದಳು. "ಅಜ್ಜಿ, ನಿಮ್ಮ ತಮ್ಮನ ಹೇಣ್ತಿ ಎಲ್ಲಿ ಹೆಸರ ಕೂಗ್ತಾರ? 'ಏನ್ರಿ, ಇಲ್ಲಿ ನೋಡ್ರಿ' ಅಂತಾರ. ಒಳಗ ಆರು ಮಂದಿ 'ಏನ್ರಿ' ಮಲಗ್ಯಾರ!"

ಶಮಶಾದಬಿ ನಕ್ಕಳು. "ಅದರಾಗ ಒಬ್ರು ನಮ್ಮವ್ರು. ನಿಮ್ಮಾಕಿ ದನಿಗೆ ಎದ್ದು ಬಂದ್ರ ನಾ ತಿರುಗಿ ಕೊಡಂಗಿಲ್ಲ ಮತ್ತ."

ನೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹೆಸರ ತಗದ್ರ ಅವ್ರ ಆಯುಷ್ಯ ಕಡಿಮಿ ಆಕ್ಕೈತಿ, ಅಕ್ಕಾರ. ನಮ್ಮವ್ವ ಹೇಳ್ಯಾಳ. ಇಷ್ಟ ವರ್ಷ ತಗದಿಲ್ಲ... ಈಗ ತಗೀಲೇನು? ಈಗ?"

ಬಯ್ಯಲು ಬಾಯಿ ತೆರೆದೆ. ಆಗಲಿಲ್ಲ. ನನ್ನ ಗಂಡ ಸತ್ತು ಎಷ್ಟು ವರ್ಷವಾಯಿತು, ಅವರ ಹೆಸರನ್ನು ಈ ಹಾಳೆಯಲ್ಲೂ ಬರೆದಿಲ್ಲ ನಾನು.

ಅದೇ ದಿನ. ಸಂಜೆ

ನೆನಪಿದೆಯೇ? ಅವಳನ್ನು ಮದುವೆಯಾಗಿ ಕರೆತಂದ ದಿನ ಹೊಸ್ತಿಲಿಗೆ ಅಡ್ಡ ನಿಂತವಳು ನಾನು. ಗಂಡನ ಹೆಸರನ್ನು ಒಡಪಿನ ಎರಡು ಸಾಲಿನಲ್ಲಿ ಕಟ್ಟಿ ಹೇಳಿದರೇ ಒಳಗೆ. ಒಡಪಿನಲ್ಲಿ ಬಂದ ಹೆಸರಿಗೆ ದೋಷವಿಲ್ಲ. ಇದು ನನಗೆ ಇಷ್ಟು ದಿನ ಹೊಳೆಯಲಿಲ್ಲವಲ್ಲ!

ಭೇಟಿಯ ಹೊತ್ತಿಗೆ ಐಸಿಯು ಬಾಗಿಲಿಗೆ ಎರಡೂ ಕೈ ಚಾಚಿ ನಿಂತೆ.

"ಹೆಸರ ಹೇಳಿದ್ರ ಬಿಡ್ತೀನಿ."

"ಅಕ್ಕಾರ, ಮಂದಿ ನೋಡಾಕತ್ತಾರ."

"ಅವತ್ತೂ ಮಂದಿ ಇದ್ರು."

"ಹೇಳಿಬಿಡವ್ವಾ," ಶಮಶಾದಬಿ ಅಂದಳು, "ಈ ಮುದುಕಿ ಬಾಗಲಾ ಬಿಟ್ಟು ಸರಿಯಾಕಿ ಅಲ್ಲ."

ನೀಲಾ ನಗುತ್ತಲೇ ಅತ್ತಳು. ನನ್ನ ತೋಳಿನ ಕೆಳಗೆ ನುಸುಳಿ ಒಳಗೆ ಹೋದಳು. ನಾನೂ ಹಿಂದೆ. ನಿನ್ನ ಕಿವಿಗೆ ಬಾಗಿದಳು. ಅವತ್ತಿನದೇ ಒಡಪು—

"ಕರಿ ಎರಿ ಹೊಲದಾಗ ಕಡ್ಲಿ ಹೂ ಬಿಟ್ಟಾವ,
ಗಾಳೆಪ್ಪನವರ ಹಾದಿಗೆ ನನ್ನ ಕಣ್ಣ ನೆಟ್ಟಾವ."

ಏನೂ ಇಲ್ಲ. ಇನ್ನೊಮ್ಮೆ ಹೇಳಿದಳು, ಜೋರಾಗಿ.

ನೀನು ಕಣ್ಣು ತೆರೆದೆ.

ಡಿಸೆಂಬರ್ 9

ಹೊನ್ನೇಶ ಗಂಟಲಿನ ನಳಿಗೆಗೆ ಹೂಂ ಅಂದ.

ಡಾಕ್ಟರಬಾಯಿ ಟಾರ್ಚು ಬಿಟ್ಟು ನೋಡಿದರು. "ಕಣ್ಣ ತೆರದದ್ದು ಚಲೋ ಆತು, ಅಜ್ಜಿ. ಆದ್ರ ತೆರದ ಕಣ್ಣು ನಿಮ್ಮನ್ನ ನೋಡಾಕತ್ತೈತಿ ಅಂತ ಈಗ ಹೇಳಾಕ ಬರಂಗಿಲ್ಲ. ತಿಂಗಳಗಟ್ಟಲೆ ಹಿಡೀಬಹುದು. ಹಿಂಗ ಉಳೀಲೂಬಹುದು."

ಸುಳ್ಳು ಹೇಳಲು ಬಾರದ ಹೆಣ್ಣುಮಗಳು. ಅದಕ್ಕೇ ಸಿಟ್ಟು ಬರುತ್ತದೆ.

ಜನವರಿ 2

ಬಹಳ ದಿನ ಬರೆಯಲಾಗಲಿಲ್ಲ. ನಿನಗೆ ಜ್ವರ, ಎದೆಯಲ್ಲಿ ಕಫ. ಈಗ ಇಳಿದಿದೆ. ಸಾದಾ ವಾರ್ಡಿಗೆ ತಂದಿದ್ದಾರೆ. ಕಣ್ಣು ತೆರೆದಿರುತ್ತೀ. ಫ್ಯಾನು ನೋಡುತ್ತೀ. ನೀಲಾ ಆಚೆ ಬದಿಗೆ ಹೋದರೆ ಕಣ್ಣು ಅವಳ ಹಿಂದೆ ಹೋಗುವುದಿಲ್ಲ.

ಅವಳ ಹಳೆಯ ಒಡಪುಗಳೆಲ್ಲ ಮುಗಿದವು. ಈಗ ಹೊಸದು ಕಟ್ಟುತ್ತಾಳೆ—ನಳಿಗೆ, ಸಲಾಯಿನು, ನರ್ಸಬಾಯಿಯ ಸಿಟ್ಟು, ಎಲ್ಲ ಸೇರಿಸಿ. ನಿನ್ನ ಹೆಸರು ಹಿಡಿದು ಇಷ್ಟು ಸಲ ಯಾರೂ ಕರೆದಿರಲಿಕ್ಕಿಲ್ಲ.

ಶಮಶಾದಬಿಯ ಗಂಡ ಹೋದ ವಾರ ತೀರಿಕೊಂಡ. ಗಂಟು ಕಟ್ಟಿಕೊಂಡು ಹೊರಟವಳು ತಿರುಗಿ ಬಂದು ನೀಲಾಳ ಕೈ ಹಿಡಿದಳು. "ನಾ ಒಮ್ಮೆನೂ ಕೂಗಲಿಲ್ಲ ನೋಡವ್ವಾ."

ಜನವರಿ 5, ಭಾನುವಾರ. ಮಧ್ಯಾಹ್ನ

ಇವತ್ತು ನಿನ್ನ ಎಡಗೈಯೊಳಗೆ ನನ್ನ ಬೆರಳಿಟ್ಟೆ. ಹಿಡಿದುಕೊಂಡೆ ನೀನು. ನರ್ಸಬಾಯಿ ಅಂದಳು, "ಅದು ತಾನ ಆಕ್ಕೈತಿ ಅಜ್ಜಿ, ಹಸುಗೂಸೂ ಹಿಡೀತಾವ." ಇರಬಹುದು. ಬಿಡು ತಮ್ಮಾ ಅಂದೆ. ಬಿಡಲಿಲ್ಲ. ಮತ್ತೆ ಅಂದೆ. ಸ್ವಲ್ಪ ಹೊತ್ತಿಗೆ ನಿನ್ನ ಬೆರಳು ಸಡಿಲಾದವು. ಕೇಳಿಸಿಕೊಂಡು ಬಿಟ್ಟೆಯೋ, ಸುಸ್ತಾಗಿಯೋ? ನಿನ್ನನ್ನಲ್ಲದೆ ಯಾರನ್ನು ಕೇಳಲಿ?

ಬಲಗೈ ಬಾರದಿದ್ದರೆ ಬೇಡ. ಎಡಗೈಯಿಂದ ಬರೆ. ನಿನ್ನ ಸೊಟ್ಟ ಅಕ್ಷರದಲ್ಲೇ ಓದು ಕಲಿತವಳು ನಾನು, ತಿಳಿದುಕೊಳ್ಳುತ್ತೇನೆ. ಹೆಸರೂ ಬೇಡ, ಆರಾಮ ಅಂತಲೂ ಬೇಡ. ಜಲ್ದಿ ಬರೆ, ತಮ್ಮಾ. ಒಂದು ಗೀಟಾದರೂ—