ಆಗು ಅಂದೆ

ಜೂನ್ 2, ಬೆಳಿಗ್ಗೆ 6

ಬರೆ ಅಂತಾಳೆ. ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟವನ ಕೈಗೆ ನೋಟ್‌ಬುಕ್ ತುರುಕಿ ಹೋಗಿದ್ದಾಳೆ ಮೊಮ್ಮಗಳು ಶಶಿರೇಖಾ. ಪುಣೆಯಲ್ಲಿ ಯುದ್ಧನೀತಿಯ ಎಂ.ಎ. "ತಾತ, ಶಾಂತಿಪಡೆ ಜೊತಿ ಲಂಕಾದಾಗ ಇದ್ದಾಗ ನಡೆದದ್ದು ನೆನಪಾದಂಗ ಬರಿ. ಥೀಸಿಸ್‌ಗೆ ಬೇಕು." ಹದಿನೇಳು ವರ್ಷ ಮಿಲಿಟರಿಯಲ್ಲಿ ಮಣ್ಣು ಕೆದಕಿ ಮೈನ್, ಅಂದರೆ ನೆಲಬಾಂಬು, ತೆಗೆದ ಕೈ. ಪೆನ್ನು ಹಿಡಿದರೆ ಮರಗಟ್ಟುತ್ತದೆ. ಬರೆದರೂ ಅವಳಿಗೆ ತೋರಿಸುವುದಿಲ್ಲ. ಹಾಲಿನವನು ಬಂದ. ಸಾಕು.

ಜೂನ್ 5

ಫೋನ್ ಮಾಡಿದ್ದಳು. ಮೂರನೇ ಅಧ್ಯಾಯ ಮುಗಿದಿದೆಯಂತೆ. "ದಾರಿ ಕ್ಲಿಯರ್ ಮಾಡುವಾಗ ಒಬ್ಬ ಜವಾನ ಹುಕುಂ ಮೀರಿ ಮುಂದ ಹೋಗಿ ಸತ್ತ. ಹುಕುಂ ಸರಿ ಇತ್ತು, ಶಿಸ್ತು ಇರ್ಲಿಲ್ಲ ಅಂತ ಬರ್ದೀನಿ ತಾತ."

"ಯಾರಂದ್ರು ನಿನಗ?"

"ನೀನ ಹೇಳಿದ್ಯಲ್ಲ. ನಿಲ್ಲು ಅಂದೆ, ನಿಲ್ಲಲಿಲ್ಲ ಅಂತ."

ಫೋನ್ ಇಟ್ಟೆ. ಹೌದು, ನಾನೇ. ಎಂಬತ್ತೆಂಟರಲ್ಲಿ ಆ ಸಾವಿನ ಎನ್‌ಕ್ವೈರಿಯಲ್ಲೂ ಅದನ್ನೇ ಅಂದಿದ್ದೆ.

ಜೂನ್ 6

ಊಟ ಸೇರಲಿಲ್ಲ. ಕಂಟೋನ್ಮೆಂಟ್ ಮೂರು ಸುತ್ತು ಹಾಕಿದೆ. ಕಾಲು ನಿಲ್ಲುತ್ತಿಲ್ಲ...

ಜೂನ್ 14

ಕುರುಗೋಡಿಗೆ ಹೋಗಿ ಬಂದೆ. ಪಾರಮ್ಮನ ಮನೆ — ಸತ್ತ ಆ ಜವಾನ ಉಚ್ಚಂಗೆಪ್ಪನ ತಂಗಿ, ಕುರುಗೋಡಿಗೆ ಕೊಟ್ಟವಳು. ಒಗ್ಗರಣಿ ಮಂಡಕ್ಕಿ, ಮಿರ್ಚಿ ಕೊಟ್ಟಳು. "ನಮ್ಮಣ್ಣ ನಿಲ್ಲಂದ್ರ ನಿಲ್ಲೋನು, ಕುಂದ್ರಂದ್ರ ಕುಂದ್ರೋನು. ಅವತ್ತೇನಾತೋ, ಹವಲ್ದಾರ್ರ..."

ತಟ್ಟೆ ಬಿಟ್ಟು ಎದ್ದೆ.

"ಮಿರ್ಚಿ ಖಾರಾತೇನ್ರಿ?"

ಹೂಂ ಅಂದೆ.

ಜೂನ್ 15

ನಡೆದದ್ದು ಇಷ್ಟೇ. ನಾನು ಸಿರುಗುಪ್ಪದವನು. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಗಾಬರಿಯಾದರೆ ತೆಲುಗೇ ಬಾಯಿಗೆ ಬರುವುದು. ಉಚ್ಚಂಗೆಪ್ಪ ಹರಪನಹಳ್ಳಿ ಕಡೆಯವನು. ತೆಲುಗು ಒಂದಕ್ಷರ ಬಾರದು. ಮೈನ್ ತೆಗೆದ ದಾರಿಗೆ ಕಟ್ಟಿದ ಬಿಳಿ ಟೇಪಿನ ಅಂಚಿನಲ್ಲಿ ನಿಂತು ಕೇಳಿದ — "ಮುಂದಾಗ್ಲೇನ್ರಿ?" ಅವನ ಕಾಲಿನ ಮುಂದೆ ಮೈನಿನ ತಂತಿ ಕಂಡಿತು ನನಗೆ. "ಆಗು, ಆಗು" ಎಂದು ಕೂಗಿದೆ. ತೆಲುಗಿನಲ್ಲಿ — ನಿಲ್ಲು ಅಂತ.

ಅವನು ತಲೆಯಾಡಿಸಿ ಮುಂದಾದ.

ಹುಕುಂ ಮೀರಲಿಲ್ಲ. ಪಾಲಿಸಿದ.

ಅವನು ಕೇಳಿಸಿಕೊಂಡದ್ದು ಕನ್ನಡದ 'ಆಗು' ಅಂತ ಸಂಜೆಯೇ ನನಗೆ ಹೊಳೆದಿತ್ತು. ಬಾಯಿ ಬಿಡಲಿಲ್ಲ. ಮೂವತ್ತೇಳು ವರ್ಷ.

ಜೂನ್ 16

ಶಶಿ, ಹಿಂದಿನ ಪುಟದ ಫೋಟೋ ಕಳಿಸುತ್ತಿದ್ದೇನೆ. ಹುಕುಂ ಮೀರಿದ ಅನ್ನುವ ಆ ಸಾಲು ಹೊಡೆದು ಹಾಕು. ಅವನ ಹೆಸರು ಬರೆ, ನನ್ನದೂ ಬರೆ. ನಿನ್ನ ಗೈಡ್ ಪುರಾವೆ ಕೇಳಿದರೆ ನಾನೇ ಪುಣೆಗೆ ಬರುತ್ತೇನೆ. ಇಪ್ಪತ್ತೊಂದಕ್ಕೆ ಮತ್ತೆ ಕುರುಗೋಡಿಗೆ ಹೋಗುವವನಿದ್ದೇನೆ, ಅವನ ತಂಗಿ ಪಾರಮ್ಮನ ಮುಂದೆ ಕೂತು ಇದನ್ನೇ ಹೇಳಬೇಕು. ತಿದ್ದುತ್ತೀಯೋ ಇಲ್ಲವೋ — ಇಪ್ಪತ್ತರೊಳಗೆ ಹೇಳು.